ಡಾಕ್ಟ್ರು ಆಗದೆ ಬಂದರೆ ಮನೆಯಲ್ಲಿ ಎಂತ ಹೇಳುದು?

ಹೆಸರು, ಊರು, ಓದಿನ ವಿಷಯ ಬದಲಿಸಿದ್ದೇನೆ. ಹುಡುಗನನ್ನು ಸುಧೀರ ಎನ್ನೋಣ. ವಯಸ್ಸು 26, ಕಟಪಾಡಿ ಕಡೆಯವನು. ಇಂಜಿನಿಯರಿಂಗ್ ಮುಗಿಸಿ ನೇರ ಅಮೆರಿಕಕ್ಕೆ ಪಿಎಚ್‌ಡಿಗೆ ಹೋಗಿದ್ದ. ಈಗ ಮೂರನೇ ವರ್ಷ. ಡಿಸೆಂಬರ್ ರಜೆಯಲ್ಲಿ ಊರಿಗೆ ಬಂದವನು ಉಡುಪಿಯಲ್ಲಿ ನನ್ನ ಹತ್ತಿರ ಸಲಹೆ ಕೇಳಲು ಒಬ್ಬನೇ ಬಂದ. ಮನೆಯಲ್ಲಿ ಬ್ಯಾಂಕ್ ಕೆಲಸ ಉಂಟು ಎಂದಿದ್ದನಂತೆ.

"ಮೇಡಂ, ಪಿಎಚ್‌ಡಿ ನನ್ನಿಂದ ಆಗುದಿಲ್ಲ. ಮಾಸ್ಟರ್ಸ್ ತಗೊಂಡು ಹೊರಗೆ ಬರುವ ಅಂತ. ಆದ್ರೆ ಅಜ್ಜಿ ಈಗಲೇ ಊರಿಡೀ ಡಾಕ್ಟ್ರು ಅಂತ ಹೇಳಿ ಆಗಿದೆ."

ಅಜ್ಜಿಯ ವಿಷಯ ಆಮೇಲೆ ಎಂದೆ. ಮೊದಲು ನಿದ್ದೆ, ಊಟ ಕೇಳಿದೆ. ಊರಲ್ಲಿ ನಿದ್ದೆ ಚೆನ್ನಾಗಿ ಬರುತ್ತದೆ, ಕೋರಿರೊಟ್ಟಿ ಎರಡೆರಡು ಸಲ ಹಾಕಿಸಿಕೊಳ್ಳುತ್ತಾನೆ. ಲ್ಯಾಬಿನಿಂದ ಮೇಲ್ ಬಂದರೆ ಮಾತ್ರ ಎದೆ ಡವಡವ. ಇಲ್ಲೂ ನಿದ್ದೆ ಕೆಟ್ಟಿದ್ದರೆ ಮೊದಲು ಮನೋವೈದ್ಯರ ಹತ್ತಿರ ಕಳಿಸುತ್ತಿದ್ದೆ.

"ಬೇರೆ ಗೈಡ್, ಬೇರೆ ಲ್ಯಾಬ್ ಸಿಕ್ಕಿದರೆ ಮುಂದುವರಿಸ್ತೀರಾ?" ಎಂದು ಕೇಳಿದೆ. ಗೈಡ್ ಜೊತೆ ಮನಸ್ತಾಪ ಇರುವವರು ಇದಕ್ಕೆ ತಟ್ಟನೆ ಹೌದು ಎನ್ನುತ್ತಾರೆ. ಇವನು ಸ್ವಲ್ಪ ಹೊತ್ತು ಫ್ಯಾನ್ ನೋಡಿದ. "ಗೈಡ್ ಒಳ್ಳೆಯವರೇ. ನನಗೆ ಒಂದೇ ವಿಷಯ ಐದಾರು ವರ್ಷ ಕೆದಕುದು ಬೇಡ."

ಇಲ್ಲಿ ನಾನೇ ಎಡವಿದೆ. ಒಂದು ಸೆಮಿಸ್ಟರ್ ರಜೆ ಹಾಕಿ ಯೋಚಿಸಿ ಎಂದೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಸುಮ್ನೆ ರಜೆ ಹಾಕಿ ಅಲ್ಲಿ ಕೂರುವ ಹಾಗಿಲ್ಲ ಎಂದು ಅವನೇ ತಿದ್ದಿದ.

ಅಲ್ಲಿ ಪಿಎಚ್‌ಡಿ ನಡುವೆ ಮಾಸ್ಟರ್ಸ್ ಪಡೆದು ಹೊರಬರುವುದು ಹೊಸತಲ್ಲ. ಮೊದಲ ಎರಡು ವರ್ಷದ ಕ್ಲಾಸುಗಳೇ ಹೆಚ್ಚಿನ ಕಡೆ ಆ ಡಿಗ್ರಿಗೂ ಲೆಕ್ಕವಾಗುತ್ತವೆ. ಸಾಮಾನ್ಯವಾಗಿ 30 ಕ್ರೆಡಿಟ್ (ಪ್ರತಿ ಕ್ಲಾಸಿಗೆ ಇಷ್ಟು ಎಂದು ಸಿಗುವ ಲೆಕ್ಕ) ಆಸುಪಾಸು ಬೇಕು, ಕೆಲವು ಕಡೆ ಜೊತೆಗೊಂದು ಪ್ರಬಂಧ. ನಮ್ಮಲ್ಲಿ ಮಾಸ್ಟರ್ಸ್ ಮುಗಿಸಿಯೇ ಪಿಎಚ್‌ಡಿಗೆ ಹೋಗುವವರು ಜಾಸ್ತಿ ಅಲ್ವಾ, ಹಾಗಾಗಿ ಮನೆಯವರಿಗೆ ಇದು ಹತ್ತಿದ ಮೆಟ್ಟಿಲು ಇಳಿದ ಹಾಗೆ ಕಾಣುತ್ತದೆ.

ನಾನು ಹೇಳಿದ್ದು ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು. ಗೈಡ್‌ಗೆ ಹೇಳುವ ಮುಂಚೆ ವಿಭಾಗದ ಆಫೀಸಿನಲ್ಲಿ ಬಾಕಿ ಕ್ರೆಡಿಟ್ ಎಷ್ಟೆಂದು ಕೇಳಿ. ಸ್ಟೈಪೆಂಡ್, ಫೀಸು ಮನ್ನಾ ಯಾವ ತಿಂಗಳವರೆಗೆ ಎಂಬುದನ್ನು ಬರವಣಿಗೆಯಲ್ಲಿ ತರಿಸಿಕೊಳ್ಳಿ. ಒಂದು ಸೆಮಿಸ್ಟರ್ ಜಾಸ್ತಿ ಬೇಕಾಗಿ ಆ ಫೀಸು ಕೈಯಿಂದ ಕಟ್ಟಬೇಕಾದರೆ ಕಷ್ಟ. ಯಾವ ಫಾರಂಗೂ ಸಹಿ ಹಾಕುವ ಮೊದಲು ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋಗಿ, ಏಕೆಂದರೆ ಪಿಎಚ್‌ಡಿಯಿಂದ ಮಾಸ್ಟರ್ಸ್‌ಗೆ ಬಂದರೆ ಐ-20, ಅಂದರೆ ವೀಸಾಕ್ಕೆ ಆಧಾರವಾಗಿ ಯೂನಿವರ್ಸಿಟಿ ಕೊಡುವ ದಾಖಲೆ, ಬದಲಾಗಬೇಕು. ಡಿಗ್ರಿ ಮುಗಿದ ಮೇಲೆ ಅಲ್ಲೇ ಕೆಲಸ ಮಾಡಲು 12 ತಿಂಗಳ ಅನುಮತಿ (ಓಪಿಟಿ) ಸಿಗುತ್ತದೆ, ವಿಜ್ಞಾನ-ಇಂಜಿನಿಯರಿಂಗ್ ಡಿಗ್ರಿಗಳಿಗೆ ಷರತ್ತಿನ ಮೇಲೆ ಇನ್ನೂ 24 ತಿಂಗಳು. ಆ ಅರ್ಜಿಯ ಗಡುವು ತಪ್ಪಬಾರದು.

ಅಜ್ಜಿಗೆ "ಪಿಎಚ್‌ಡಿ ಮುಗಿಯಿತು" ಎಂದುಬಿಡಲಾ ಎಂದ. ಬೇಡ ಮಾರಾಯ್ರೆ, ಮದುವೆ ಕಾಗದದಲ್ಲಿ 'ಡಾ.' ಅಚ್ಚಾದ ದಿನ ಎಂತ ಮಾಡ್ತೀರಿ ಎಂದೆ. ಆ ದಿನ ಅವನು ನಕ್ಕಿದ್ದು ಆಗ ಮಾತ್ರ.

ಹೊರಡುವ ಹಿಂದಿನ ಸಂಜೆ ಅಪ್ಪನನ್ನು ಮಲ್ಪೆ ಬೀಚಿಗೆ ಕರೆದುಕೊಂಡು ಹೋಗಿ ಹೇಳಿದನಂತೆ. ಅಪ್ಪ ಕೇಳಿದ್ದು ಒಂದೇ: "ಸಾಲ ಏನಾದ್ರೂ ಉಂಟಾ?" ಇಲ್ಲ ಎಂದ. ಅಜ್ಜಿಗೆ ಹೇಳುವ ಕೆಲಸ ಅಪ್ಪ ತಾನೇ ವಹಿಸಿಕೊಂಡಿದ್ದಾರೆ. ಇನ್ನೂ ಹೇಳಿಲ್ಲ.