ಅಮ್ಮ ಸಿಕ್ಕರು ಅಂತ ಹೇಳುವವರು ಯಾರು?

ಮುಂಬೈ ಪಕ್ಕದ ಡೊಂಬಿವಲಿಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಸಂಘದ ಹುಡುಗರು ಮಳೆಗಾಲಕ್ಕೆ ಒಂದು ಆ್ಯಪ್ ಮಾಡ್ತಿದ್ದಾರೆ. ನೀರು ನುಗ್ಗಿದ ಮನೆಯವರು ಒತ್ತಿದರೆ ಹತ್ತಿರದ ಸ್ವಯಂಸೇವಕರಿಗೆ ಸುದ್ದಿ ಹೋಗುತ್ತದೆ. 500 ಜನರನ್ನು ಸೇರಿಸಲು ಪತ್ರಿಕೆ ನೆರವಾಗುತ್ತಾ?"

ಖಂಡಿತ ಆಗುತ್ತೇವೆ. ಅದಕ್ಕೂ ಮುಂಚೆ ಹುಡುಗರನ್ನು ಒಂದು ಮಾತು ಕೇಳಿ: ನೆರವು ಸಿಕ್ಕಿತು, ಈ ಕರೆ ಮುಗಿಯಿತು ಅಂತ ಗುರುತು ಹಾಕುವವರು ಯಾರು?

ಕೆಲವು ವರ್ಷದ ಹಿಂದೆ, ಜೋರು ಮಳೆಯ ದಿನ, ಸಂಜೆ ನಾಲ್ಕಕ್ಕೆ ನನಗೊಂದು ವಾಟ್ಸಾಪ್ ಬಂತು. "ಕುರ್ಲಾ, ತಳಮಹಡಿ, ವಯಸ್ಸಾದ ತಾಯಿ ಒಬ್ಬರೇ, ಸೊಂಟದವರೆಗೆ ನೀರು, ಎಲ್ಲರಿಗೂ ಕಳಿಸಿ." ತಾರೀಕಿಲ್ಲ, ಹೊತ್ತಿಲ್ಲ. ಐದು ಗುಂಪಿಗೆ ಕಳಿಸಿದ ಮೇಲೆ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಮಗ ಎತ್ತಿದರು, ದನಿ ಸೋತುಹೋಗಿತ್ತು. "ಅಮ್ಮ ಬೆಳಿಗ್ಗೆಯೇ ಮೂರನೇ ಮಹಡಿಗೆ ಹೋದ್ರು ಸಾರ್. ಆಗಿನಿಂದ ಇದೇ ಫೋನು. ಚಾರ್ಜ್ ಮುಗೀತಾ ಬಂತು, ಮನೆಯವರ ಜೊತೆ ಮಾತಾಡೋಕೇ ಆಗ್ತಿಲ್ಲ." ನಾನು ಕಳಿಸಿದ ಐದು ಗುಂಪಿನಿಂದ ಇನ್ನೆಷ್ಟು ಫೋನ್ ಹೋಯಿತೋ, ಈಗಲೂ ಸಂಕಟವಾಗುತ್ತದೆ.

ಇಂಡೋನೇಷ್ಯಾದ ಜಕಾರ್ತಾದಲ್ಲಿ ಪೆತಾ ಬೆಂಚಾನಾ ಅಂತ ಒಂದು ಆನ್‌ಲೈನ್ ನೆರೆ ನಕ್ಷೆ ಇದೆ. ಅಲ್ಲಿ ಯಾರಾದರೂ 'ಬಂಜಿರ್', ಅಂದರೆ ನೆರೆ, ಅಂತ ಟ್ವೀಟ್ ಮಾಡಿದರೆ ಯಂತ್ರವೇ ತಿರುಗಿ ಕೇಳುತ್ತಿತ್ತು: ಎಲ್ಲಿ, ನೀರು ಎಷ್ಟು ಎತ್ತರ, ಫೋಟೋ ಇದೆಯಾ? ನೋಡಿದವರನ್ನೇ ಕೇಳುವುದು, ಅಲ್ವಾ? ನಿಮ್ಮ ಹುಡುಗರು ಇದನ್ನು ಕಲಿಯಬೇಕು.

ಜನ ಜಾಸ್ತಿ ಸೇರಿದರೆ ಸಾಲದು. 2020ರ ಮಾರ್ಚ್‌ನಲ್ಲಿ, ಕೋವಿಡ್ ಹೊತ್ತಿನಲ್ಲಿ, ಇಂಗ್ಲೆಂಡಿನಲ್ಲಿ 2.5 ಲಕ್ಷ ಸ್ವಯಂಸೇವಕರು ಬೇಕು ಅಂದರೆ 7.5 ಲಕ್ಷ ಜನ ಹೆಸರು ಕೊಟ್ಟರು. ಕೆಲಸ ಹಂಚುವ ಗುಡ್‌ಸ್ಯಾಮ್ ಆ್ಯಪ್ ಹಾಕಿಕೊಂಡು ಕೂತ ಎಷ್ಟೋ ಜನರಿಗೆ ಕೆಲಸವೇ ಬರಲಿಲ್ಲ. ನಿಮಗೆ 500 ಬೇಡ, ಕಟ್ಟಡಕ್ಕೆ ಇಬ್ಬರು ಸಾಕು. ತಳಮಹಡಿಯಲ್ಲಿ ಒಬ್ಬರೇ ಇರುವವರು, ಡಯಾಲಿಸಿಸ್‌ಗೆ ಹೋಗುವವರು ಯಾರು ಅಂತ ಆ ಇಬ್ಬರಿಗೆ ಗೊತ್ತಿರಲಿ, ಒಪ್ಪಿಗೆ ಕೇಳಿಯೇ ಬರೆದುಕೊಳ್ಳಲಿ. ಆ ಪಟ್ಟಿ ಗುಂಪಿನಲ್ಲಿ ಓಡಾಡಬಾರದು. ಕಾಗದದ ಮೇಲೂ ಒಂದು ಪ್ರತಿ ಇರಲಿ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ಎಷ್ಟೋ ಕಡೆ ಫೋನೇ ಸತ್ತಿತ್ತು. ಆವತ್ತು ಕೈಹಿಡಿದವರು ಅಕ್ಕಪಕ್ಕದವರು.

ಇನ್ನೊಂದು. 1916 ಮುಂಬೈ ಪಾಲಿಕೆಯ ಸಹಾಯವಾಣಿ ನಂಬರು, ಡೊಂಬಿವಲಿಯ ಪಾಲಿಕೆಯೇ ಬೇರೆ. ತುರ್ತು ನಂಬರು 112 ಎರಡೂ ಕಡೆ ನಡೆಯುತ್ತದೆ. ಕೊರಳಮಟ್ಟದ ನೀರಿಗೆ ನಿಮ್ಮ ಹುಡುಗರು ಇಳಿಯುವುದು ಬೇಡವೇ ಬೇಡ, ಅದು ಅಗ್ನಿಶಾಮಕ ದಳದವರ ಕೆಲಸ.

ಮೇ ತಿಂಗಳಲ್ಲಿ ಒಂದು ಭಾನುವಾರ ಒಂದೇ ಗಲ್ಲಿಯಲ್ಲಿ ಸುಳ್ಳು ಕರೆ ಕೊಟ್ಟು ಪರೀಕ್ಷೆ ಮಾಡಿ. ನಾನೂ ಬರುತ್ತೇನೆ.