ಥೈಮಸ್ ಗೆಡ್ಡೆಗೆ ರೋಬೋಟ್ ಬೇಕೇ, ವಿಡಿಯೋ ಸಾಕೇ?

ನಿಮ್ಮ ತಾಯಿಯವರಿಗೆ 4 ಸೆಂಟಿಮೀಟರಿನ ಥೈಮೋಮಾ, ಅಂದರೆ ಥೈಮಸ್ ಗ್ರಂಥಿಯ ಗೆಡ್ಡೆ ಇದೆ, ಹೈದರಾಬಾದಿನವರು ರೋಬೋಟ್ (ಸರ್ಜನ್ನರು ನಡೆಸುವ ಯಂತ್ರದ ಕೈಗಳಿಂದ ಆಪರೇಷನ್) ಎನ್ನುತ್ತಾರೆ, ಬೆಂಗಳೂರಿನವರು ವಿಡಿಯೋ (ಎದೆಯೊಳಗೆ ಇಳಿಸಿದ ಕ್ಯಾಮೆರಾದ ಚಿತ್ರ ನೋಡುತ್ತಾ ಕೈಯಿಂದಲೇ ಆಪರೇಷನ್) ಎನ್ನುತ್ತಾರೆ, ರೋಬೋಟಿಗೆ ಹೆಚ್ಚು ಹಣ ಕೊಡುವುದು ಸಾರ್ಥಕವೇ ಎಂದು ಕೇಳಿದ್ದೀರಿ. ನಾನು ರಾಯಚೂರಿನಲ್ಲಿ ಫಿಜಿಷಿಯನ್. ಆಪರೇಷನ್ ಮಾಡುವವನಲ್ಲ; ಇಂಥ ರೋಗಿಗಳನ್ನು ಆ ಎರಡೂ ಊರುಗಳಿಗೆ ಕಳುಹಿಸಿ, ಮರಳಿದ ಮೇಲೆ ನೋಡಿಕೊಳ್ಳುವವನು. ಬರೀ ಯಂತ್ರದ ಸಲುವಾಗಿ ಸಾಲ ಮಾಡಬೇಡಿ ಎಂಬುದು ನನ್ನ ಅಭಿಪ್ರಾಯ.

ಥೈಮಸ್ ಗ್ರಂಥಿ ಎದೆಮೂಳೆಯ ಹಿಂದೆ, ಹೃದಯದ ಮುಂದೆ ಇರುತ್ತದೆ. ಹಿಂದೆಲ್ಲ ಆ ಮೂಳೆಯನ್ನು ಗರಗಸದಿಂದ ಸೀಳಿ, ಆಮೇಲೆ ತಂತಿಯಿಂದ ಬಿಗಿಯುತ್ತಿದ್ದರು. ದೊಡ್ಡದಾಗಿ ಅಕ್ಕಪಕ್ಕಕ್ಕೆ ಹಬ್ಬಿದ ಗೆಡ್ಡೆಗೆ ಇಂದಿಗೂ ಅದೇ ದಾರಿ. ನಿಮಗೆ ಹೇಳಿರುವ ಎರಡರಲ್ಲೂ ಸಣ್ಣ ರಂಧ್ರಗಳಷ್ಟೇ. ನೋವು, ರಕ್ತಸ್ರಾವ, ಆಸ್ಪತ್ರೆವಾಸ ಎಲ್ಲವೂ ಕಡಿಮೆ. ರೋಬೋಟಿನಲ್ಲಿ ಸರ್ಜನ್ನರಿಗೆ ಆಳ ಕಾಣುತ್ತದೆ, ಸಲಕರಣೆಯ ತುದಿ ಮಣಿಕಟ್ಟಿನ ಹಾಗೆ ತಿರುಗುತ್ತದೆ. ಕತ್ತಿನತ್ತ ಚಾಚಿದ ಥೈಮಸ್ಸಿನ ಕೊಂಬುಗಳನ್ನು ಬಿಡಿಸುವಾಗ, ವಪೆಯನ್ನು (ಉಸಿರಾಟದ ಮುಖ್ಯ ಸ್ನಾಯು) ಆಡಿಸುವ ಫ್ರೆನಿಕ್ ನರದ ಪಕ್ಕದ ಕೊಬ್ಬನ್ನು ತೆಗೆಯುವಾಗ ಇದು ನಿಜಕ್ಕೂ ಅನುಕೂಲ. ಆದರೆ ಬಹುತೇಕ ಯಂತ್ರಗಳಲ್ಲಿ ಅಂಗಾಂಶ ಎಷ್ಟು ಗಟ್ಟಿ ಎಂಬುದು ಕೈಗೆ ತಿಳಿಯುವುದಿಲ್ಲ. ಯಂತ್ರ ತಾನಾಗಿ ಏನನ್ನೂ ಕತ್ತರಿಸುವುದೂ ಇಲ್ಲ.

ಎರಡನ್ನೂ ಹೋಲಿಸಿದ ಅಧ್ಯಯನಗಳಲ್ಲಿ ಹೆಚ್ಚಿನವು ಹಳೆಯ ದಾಖಲೆಗಳನ್ನು ತೆಗೆದು ನೋಡಿದವು. ರೋಬೋಟಿನಲ್ಲಿ ರಕ್ತ ತುಸು ಕಡಿಮೆ ಹೋಗುತ್ತದೆ, ನಡುವೆ ಎದೆ ತೆರೆಯಬೇಕಾದ ಸಂದರ್ಭ ಕಡಿಮೆ ಎಂದು ಕೆಲವು ಹೇಳುತ್ತವೆ. ಗೆಡ್ಡೆ ಮತ್ತೆ ಬಾರದಂತೆ ತಡೆಯುವುದರಲ್ಲಿ ಇಂಥದ್ದೇ ಮೇಲು ಎನ್ನುವಷ್ಟು ಪುರಾವೆ ಇಲ್ಲ. ಅದು ನಿಂತಿರುವುದು ಗೆಡ್ಡೆಯ ಹೊದಿಕೆ ಹರಿಯದೆ ಇಡೀ ಗ್ರಂಥಿ ಹೊರಬರುವುದರ ಮೇಲೆ. ಹೊದಿಕೆ ಹರಿದರೆ ಕಣಗಳು ಶ್ವಾಸಕೋಶದ ಹೊರಪೊರೆಯಲ್ಲಿ ಉದುರಿ, ವರ್ಷಗಳ ನಂತರ ತಲೆ ಎತ್ತಬಹುದು. ಆದ್ದರಿಂದ ಈ ವಿಧಾನದಲ್ಲಿ ಎಷ್ಟು ಥೈಮಸ್ ತೆಗೆದಿದ್ದೀರಿ ಎಂದು ಇಬ್ಬರು ಸರ್ಜನ್ನರನ್ನೂ ಸಂಕೋಚವಿಲ್ಲದೆ ಕೇಳಿ. ಉತ್ತರ ಹೇಳಲು ಸಿಡುಕುವವರ ಬಳಿ ನಾನಂತೂ ಯಾರನ್ನೂ ಕಳುಹಿಸುವುದಿಲ್ಲ.

ನೀವು ಕೇಳದೆ ಬಿಟ್ಟ ವಿಷಯವೊಂದಿದೆ, ಅದೇ ನನಗೆ ಹೆಚ್ಚು ಚಿಂತೆ. ಥೈಮೋಮಾ ಇರುವ ಸುಮಾರು ಮೂವರಲ್ಲಿ ಒಬ್ಬರಿಗೆ ಮಯಸ್ತೇನಿಯಾ ಗ್ರೇವಿಸ್ ಎಂಬ ಸ್ನಾಯು ದೌರ್ಬಲ್ಯವೂ ಇರುತ್ತದೆ. ನನ್ನಲ್ಲಿಗೆ ಬಂದ ಹತ್ತಿ ವ್ಯಾಪಾರಿಯೊಬ್ಬರು ಮೊದಲ ಜೋಳದ ರೊಟ್ಟಿಯನ್ನು ಸಲೀಸಾಗಿ ತಿನ್ನುತ್ತಿದ್ದರು. ಎರಡನೆಯದಕ್ಕೆ ದವಡೆ ಸೋತು, ಅಂಗೈಯಿಂದ ಗದ್ದ ಎತ್ತಿ ಹಿಡಿದು ಅಗಿಯುತ್ತಿದ್ದರು. ಮನೆಯವರು ಹಲ್ಲಿನ ತೊಂದರೆ ಎಂದುಕೊಂಡಿದ್ದರು. ತಾಯಿಯವರಿಗೆ ಸಂಜೆ ರೆಪ್ಪೆ ಜೋಲುತ್ತದೆಯೇ, ಮಾತಾಡುತ್ತಾ ಮೂಗುದನಿ ಬರುತ್ತದೆಯೇ ಗಮನಿಸಿ. ಲಕ್ಷಣ ಇಲ್ಲದಿದ್ದರೂ ಅಸಿಟೈಲ್‌ಕೋಲಿನ್ ರಿಸೆಪ್ಟರ್ ಆ್ಯಂಟಿಬಾಡಿ ಎಂಬ ರಕ್ತಪರೀಕ್ಷೆ ಆಗಲಿ. ಈ ರೋಗವಿದ್ದರೆ ನರರೋಗ ತಜ್ಞರು ಅದನ್ನು ಹತೋಟಿಗೆ ತಂದ ಮೇಲೆಯೇ ಆಪರೇಷನ್. ಇಲ್ಲವಾದರೆ ಆಮೇಲೆ ಉಸಿರಾಟದ ಸ್ನಾಯುಗಳೇ ಕೈಕೊಟ್ಟು ವೆಂಟಿಲೇಟರ್ ಬೇಕಾಗಬಹುದು. ಆಗ ರಂಧ್ರ ಯಾವ ಯಂತ್ರದ್ದು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಈ ತಯಾರಿ ಯಾವ ಆಸ್ಪತ್ರೆಯಲ್ಲಿ ಅಚ್ಚುಕಟ್ಟಾಗಿದೆಯೋ ಅಲ್ಲಿಗೆ ಹೋಗಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಊರು ಬಿಡುವ ಮುನ್ನ ರಾಯಚೂರಿನ ಸರ್ಕಾರಿ ಆಸ್ಪತ್ರೆ ರಿಮ್ಸ್‌ನಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಕಂಡು ರೆಫರಲ್ ಬಗ್ಗೆ ವಿಚಾರಿಸಿ. ರೋಬೋಟಿನ ಶುಲ್ಕ ಪ್ಯಾಕೇಜಿನೊಳಗೆ ಬರುತ್ತದೆಯೇ ಎಂಬುದನ್ನು ಆಸ್ಪತ್ರೆಯಿಂದ ಬರವಣಿಗೆಯಲ್ಲೇ ಪಡೆಯಿರಿ.