ಪ್ರಶ್ನೆ ಕೇಳಿ ನಿಲ್ಲುವ ಕಮಾಂಡ್‌ಗಳಿಗೆ ಸ್ಕ್ರಿಪ್ಟ್‌ನಿಂದಲೇ ಉತ್ತರ ಕೊಡುವುದು ಹೇಗೆ?

ಉಡುಪಿ ಕಚೇರಿಯ ಲೆಕ್ಕದ ಕಡತಗಳನ್ನು ರಾತ್ರಿ ಮಂಗಳೂರಿನ ಸರ್ವರ್‌ಗೆ ನಕಲು ಮಾಡುವ ನಿಮ್ಮ ಸ್ಕ್ರಿಪ್ಟ್, ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಸಂಪರ್ಕ ಕಲ್ಪಿಸುವ ಎಸ್‌ಎಸ್‌ಎಚ್ ಪಾಸ್‌ವರ್ಡ್ ಕೇಳಿದಲ್ಲಿಗೆ ನಿಂತುಬಿಡುತ್ತದೆ ಎಂದು ಬರೆದಿದ್ದೀರಿ. ಎಕೋ ಕಮಾಂಡ್ ಬಳಸಿ ಪಾಸ್‌ವರ್ಡನ್ನು ಪೈಪ್ ಮಾಡಿದರೂ, ಎಂದರೆ ಎಕೋದ ಔಟ್‌ಪುಟ್ಟನ್ನು ಎಸ್‌ಎಸ್‌ಎಚ್‌ಗೆ ಹರಿಸಿದರೂ, ಫಲವಿಲ್ಲ, ಆದರೆ ಬೇರೆ ಕೆಲವು ಕಮಾಂಡ್‌ಗಳು ಹಾಗೆ ಕೊಟ್ಟ ಉತ್ತರವನ್ನು ಒಪ್ಪಿಕೊಳ್ಳುತ್ತವೆ, ಇದೇಕೆ ಎಂಬುದು ನಿಮ್ಮ ಪ್ರಶ್ನೆ. ಮಂಗಳೂರಿನಲ್ಲಿ ಇಂಥದೇ ಸರ್ವರ್‌ಗಳನ್ನು ನೋಡಿಕೊಳ್ಳುವ ನನಗೆ ಈ ತೊಡಕು ಚೆನ್ನಾಗಿ ಪರಿಚಯವಿದೆ.

ಪೈಪ್ ತಲುಪುವುದು ಕಮಾಂಡ್‌ನ ಸ್ಟ್ಯಾಂಡರ್ಡ್ ಇನ್‌ಪುಟ್‌ಗೆ, ಅಂದರೆ ಅದು ಸಾಮಾನ್ಯವಾಗಿ ಮಾಹಿತಿ ಓದಿಕೊಳ್ಳುವ ದಾರಿಗೆ ಮಾತ್ರ. ಎಸ್‌ಎಸ್‌ಎಚ್ ಪಾಸ್‌ವರ್ಡನ್ನು ಅಲ್ಲಿಂದ ಓದುವುದೇ ಇಲ್ಲ. ಅದು ಟರ್ಮಿನಲ್ಲನ್ನು ನೇರವಾಗಿ ತೆರೆದು, ಕೀಲಿಮಣೆಯ ಮುಂದೆ ಕುಳಿತವರನ್ನೇ ಕೇಳುತ್ತದೆ. ಪಾಸ್‌ವರ್ಡ್ ಬೇರೆಡೆಯಿಂದ ಹರಿದು ಬರಬಾರದೆಂದು ಬೇಕೆಂದೇ ಮಾಡಿದ ವ್ಯವಸ್ಥೆ ಇದು. ನಿರ್ವಾಹಕರ ಅಧಿಕಾರದಲ್ಲಿ ಕಮಾಂಡ್ ನಡೆಸುವ ಸುಡೋ ಕೂಡ ಸಾಮಾನ್ಯವಾಗಿ ಹೀಗೆಯೇ ನಡೆದುಕೊಳ್ಳುತ್ತದೆ.

ಆದ್ದರಿಂದ ಪ್ರಶ್ನೆಗೆ ಉತ್ತರಿಸುವ ಉಪಾಯ ಹುಡುಕುವ ಮೊದಲು, ಪ್ರಶ್ನೆಯೇ ಬಾರದಂತೆ ಮಾಡಲು ಆ ಕಮಾಂಡ್‌ನಲ್ಲೇ ದಾರಿಯಿದೆಯೇ ಎಂದು ಅದರ ಕೈಪಿಡಿಯಲ್ಲಿ ನೋಡಿ ಎಂಬುದು ನನ್ನ ಖಚಿತ ಸಲಹೆ. ನಿಮ್ಮ ವಿಷಯದಲ್ಲಿ ಆ ದಾರಿ, ಪಾಸ್‌ವರ್ಡ್ ಬದಲು ಗುರುತನ್ನು ಸಾಬೀತುಪಡಿಸುವ ಎಸ್‌ಎಸ್‌ಎಚ್ ಕೀ. ಉಡುಪಿಯ ಯಂತ್ರದಲ್ಲಿ ಕೀ ಜೋಡಿಯನ್ನು ಸೃಷ್ಟಿಸಿ, ಸಾರ್ವಜನಿಕ ಕೀಯನ್ನು ಮಂಗಳೂರಿನ ಸರ್ವರ್‌ಗೆ ಸೇರಿಸಿ. ರಾತ್ರಿ ತಾನಾಗಿ ನಡೆಯಬೇಕಾದ ಕೆಲಸವಾದ್ದರಿಂದ ಈ ಕೀಗೆ ಅದನ್ನು ಕಾಯುವ ಪಾಸ್‌ಫ್ರೇಸ್ ಇರುವುದಿಲ್ಲ. ಹಾಗಾಗಿ ಬ್ಯಾಕಪ್‌ಗೆಂದೇ ಬೇರೆ ಬಳಕೆದಾರನನ್ನು ಮಾಡಿ, ಆ ಕೀಯಿಂದ ಯಾವ ಕಮಾಂಡ್ ನಡೆಯಬಹುದು, ಯಾವ ವಿಳಾಸದಿಂದ ಬರಬಹುದು ಎಂಬುದನ್ನು ಸರ್ವರ್‌ನ ಆಥರೈಸ್ಡ್ ಕೀಸ್ ಕಡತದಲ್ಲೇ ಕಟ್ಟಿಹಾಕಿ. ಮೊದಲ ಸಲ ಮಾತ್ರ ಕೈಯಾರೆ ಸಂಪರ್ಕಿಸಿ, ಸರ್ವರ್‌ನ ಗುರುತಾದ ಫಿಂಗರ್‌ಪ್ರಿಂಟ್ ಸರಿಯಿದೆಯೇ ಎಂದು ತಾಳೆ ನೋಡಿ. ಅನಂತರ ಸ್ಕ್ರಿಪ್ಟ್‌ನಲ್ಲಿ ಬ್ಯಾಚ್‌ಮೋಡ್ ಆಯ್ಕೆಗೆ ಯೆಸ್ ಎಂದು ಕೊಟ್ಟರೆ, ಏನಾದರೂ ಕೆಟ್ಟಾಗ ಎಸ್‌ಎಸ್‌ಎಚ್ ಪ್ರಶ್ನೆ ಕೇಳುತ್ತಾ ಕಾಯದೆ ದೋಷ ಸೂಚಿಸಿ ಹೊರಬರುತ್ತದೆ.

ಪ್ಯಾಕೇಜ್ ಸ್ಥಾಪನೆಯ ಬಗ್ಗೆಯೂ ಕೇಳಿದ್ದೀರಿ. ಪ್ಯಾಕೇಜ್ ಸ್ಥಾಪಿಸುವ ಆಪ್ಟ್ ಕಮಾಂಡ್‌ಗೆ ಹೈಫನ್ ವೈ ಕೊಟ್ಟರೆ ಅದರದೇ ಪ್ರಶ್ನೆಗೆ ಮಾತ್ರ ಉತ್ತರ ಸಿಗುತ್ತದೆ. ಪ್ಯಾಕೇಜಿನ ಸಂರಚನೆಯ ಪ್ರಶ್ನೆಗಳು ನಿಲ್ಲಬೇಕಾದರೆ ಡೆಬಿಯನ್ ಫ್ರಂಟ್‌ಎಂಡ್ ಎಂಬ ಪರಿಸರ ಚರಾಂಶಕ್ಕೆ ನಾನ್‌ಇಂಟರಾಕ್ಟಿವ್ ಎಂಬ ಬೆಲೆ ಕೊಡಬೇಕು. ಅದನ್ನು ಸುಡೋ ಪದಕ್ಕಿಂತ ಮೊದಲು ಬರೆದರೆ ದಾರಿಯಲ್ಲೇ ಕಳೆದುಹೋಗುವ ಸಂಭವವಿದೆ, ಸುಡೋ ಆದ ಮೇಲೆ ಬರೆಯಿರಿ. ಎಲ್ಲದಕ್ಕೂ ಹೌದೆಂದು ಹೇಳುತ್ತಲೇ ಇರುವ ಯೆಸ್ ಕಮಾಂಡನ್ನು ಪೈಪ್ ಮಾಡುವ ಸಲಹೆಯನ್ನು ಮಾತ್ರ ದಯವಿಟ್ಟು ಪಾಲಿಸಬೇಡಿ: ಮುಂದೊಂದು ದಿನ ಅದೇ ಜಾಗದಲ್ಲಿ ಹಳೆಯ ಕಡತ ಅಳಿಸಲೇ ಎಂಬ ಪ್ರಶ್ನೆ ಬಂದರೂ ಅದು ಹೌದೆಂದೇ ಹೇಳುತ್ತದೆ.

ಬೇರೆ ದಾರಿಯೇ ಇಲ್ಲದ ಸಾಧನಗಳೂ ಇರುತ್ತವೆ, ಉದಾಹರಣೆಗೆ ಪಾಸ್‌ವರ್ಡ್ ಬಿಟ್ಟು ಬೇರೇನನ್ನೂ ಅರಿಯದ ಹಳೆಯ ರೌಟರ್. ಅಂಥಲ್ಲಿ ಎಕ್ಸ್‌ಪೆಕ್ಟ್ ಬಳಸಿ. ಡಾನ್ ಲೈಬ್ಸ್ ಅವರು ಟಿಸಿಎಲ್ ಭಾಷೆಯ ಮೇಲೆ ಕಟ್ಟಿದ ಈ ಉಪಕರಣ ಕಮಾಂಡ್‌ಗೆ ಒಂದು ಹುಸಿ ಟರ್ಮಿನಲ್ಲನ್ನೇ ಒದಗಿಸುವುದರಿಂದ, ಎದುರಿಗೆ ಮನುಷ್ಯರೇ ಕುಳಿತಿದ್ದಾರೆಂದು ಅದು ನಂಬುತ್ತದೆ. ಸ್ಪಾನ್ ಎಂದು ಕಮಾಂಡನ್ನು ಆರಂಭಿಸಿ, ಎಕ್ಸ್‌ಪೆಕ್ಟ್ ಎಂದು ನಿರೀಕ್ಷಿತ ಪ್ರಶ್ನೆಯನ್ನು ಬರೆದು, ಸೆಂಡ್ ಎಂದು ಉತ್ತರ ಕಳುಹಿಸುತ್ತೀರಿ. ಉತ್ತರದ ಕೊನೆಗೆ ಎಂಟರ್ ಕೀಯ ಬದಲು ಕ್ಯಾರಿಯೇಜ್ ರಿಟರ್ನ್ ಇರಬೇಕು. ಪೈಥಾನ್ ಬಲ್ಲವರಿಗೆ ಇದೇ ಕೆಲಸವನ್ನು ಪಿಎಕ್ಸ್‌ಪೆಕ್ಟ್ ಮಾಡುತ್ತದೆ.

ಎಕ್ಸ್‌ಪೆಕ್ಟ್‌ನಲ್ಲಿ ಹೆಚ್ಚಿನವರು ಗಮನಿಸದ ಅಪಾಯವೊಂದಿದೆ. ನಿರೀಕ್ಷಿಸಿದ ಪ್ರಶ್ನೆ 10 ಸೆಕೆಂಡಿನಲ್ಲಿ ಬಾರದಿದ್ದರೆ, ನೀವು ಬೇರೇನೂ ಹೇಳದಿದ್ದಲ್ಲಿ, ಅದು ದೋಷವೆನ್ನದೆ ಮುಂದಿನ ಸಾಲಿಗೆ ಹೋಗುತ್ತದೆ. ಮಳೆಗಾಲದಲ್ಲಿ ಸಂಪರ್ಕ ನಿಧಾನವಾದ ರಾತ್ರಿ, ಪಾಸ್‌ವರ್ಡ್ ಕೇಳುವ ಮೊದಲೇ ಅದನ್ನು ಕಳುಹಿಸಿ, ಮುಂದಿನ ಉತ್ತರಗಳೆಲ್ಲ ತಪ್ಪು ಪ್ರಶ್ನೆಗೆ ಹೋಗಿ ಸೇರಬಹುದು. ಆದ್ದರಿಂದ ಪ್ರತಿಯೊಂದು ನಿರೀಕ್ಷೆಯ ಜೊತೆಗೂ ಟೈಮ್‌ಔಟ್ (ಸಮಯ ಮೀರಿದಾಗ) ಮತ್ತು ಇಒಎಫ್ (ಕಮಾಂಡ್‌ನ ಔಟ್‌ಪುಟ್ ಮುಗಿದುಹೋದಾಗ) ಎಂಬ ಎರಡು ಕವಲುಗಳನ್ನು ಬರೆದು, ಅಲ್ಲಿ ಶೂನ್ಯವಲ್ಲದ ಸಂಕೇತದೊಂದಿಗೆ ಹೊರಬನ್ನಿ. ಆಗ ನಿಗದಿತ ಹೊತ್ತಿಗೆ ಕೆಲಸ ಆರಂಭಿಸುವ ಕ್ರಾನ್‌ನಿಂದ ನಡೆಯುವ ನಿಮ್ಮ ಮುಖ್ಯ ಸ್ಕ್ರಿಪ್ಟ್‌ಗೆ ಕೆಲಸ ಕೆಟ್ಟದ್ದು ತಿಳಿಯುತ್ತದೆ.

ನಿಮ್ಮ ಯಂತ್ರದ ಭಾಷೆ ಕನ್ನಡವಾಗಿದ್ದರೆ, ಕೆಲವು ಕಮಾಂಡ್‌ಗಳ ಪ್ರಶ್ನೆಗಳು ಅನುವಾದಗೊಂಡು ಬಂದು ನೀವು ಬರೆದ ಪದಗಳಿಗೆ ಹೊಂದದೆ ಹೋಗಬಹುದು. ಸ್ಕ್ರಿಪ್ಟ್‌ನ ಆರಂಭದಲ್ಲೇ ಸಂದೇಶಗಳ ಭಾಷೆಯನ್ನು ನಿರ್ಧರಿಸುವ ಎಲ್‌ಸಿ ಆಲ್ ಚರಾಂಶಕ್ಕೆ ಸಿ ಎಂಬ ಬೆಲೆ ಕೊಡಿ. ಪಾಸ್‌ವರ್ಡನ್ನು ಕಮಾಂಡ್‌ನ ಸಾಲಿನಲ್ಲೇ ಬರೆಯಬೇಡಿ, ಏಕೆಂದರೆ ಅದೇ ಯಂತ್ರ ಬಳಸುವ ಬೇರೆಯವರಿಗೂ ನಡೆಯುತ್ತಿರುವ ಕಮಾಂಡ್‌ಗಳ ಪಟ್ಟಿ ತೋರಿಸುವ ಪಿಎಸ್ ಕಮಾಂಡ್‌ನಿಂದ ಅದು ಕಾಣಬಹುದು. ಮಾಲೀಕರು ಮಾತ್ರ ಓದಬಲ್ಲಂತೆ 600 ಅನುಮತಿ ಕೊಟ್ಟ ಕಡತದಲ್ಲಿಟ್ಟು ಅಲ್ಲಿಂದ ಓದಿಕೊಳ್ಳಿ.